ದುರ್ಗಗಳು ಗೋಡೆ ಏರಿದ ಕಥೆ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಬಸ್ಸಿಳಿದು, ಹೂವಿನ ರಾಶಿ, ಸೊಪ್ಪಿನ ಗಾಡಿಗಳನ್ನು ದಾಟಿ ಸ್ವಲ್ಪ ನಡೆದರೆ ಕೋಟೆಯ ದಿಲ್ಲಿ ಬಾಗಿಲು ಸಿಗುತ್ತದೆ. ಎತ್ತರದ ಮರದ ಕದ, ಅದರ ಮೈಗೆ ಹೊಡೆದ ಕಬ್ಬಿಣದ ಮೊಳೆಗಳು, ಕಮಾನಿನ ಮೇಲೆ ಕಲ್ಲಿನ ಕೆತ್ತನೆ, ಒಳಗೊಂದು ಗಣಪತಿಯ ಗುಡಿ. ಗೋಡೆಯಲ್ಲಿ ಕೂರಿಸಿರುವ ಅಮೃತಶಿಲೆಯ ಫಲಕವೊಂದು, 1791ರ ಮಾರ್ಚ್ 21ರಂದು ಇಂಗ್ಲಿಷರ ಸೈನ್ಯ ಒಳನುಗ್ಗಿದ್ದು ಇಲ್ಲಿ ಒಡೆದ ಬಿರುಕಿನಿಂದ ಎಂದು ತಿಳಿಸುತ್ತದೆ. ಕೆಂಪೇಗೌಡರು 1537ರಲ್ಲಿ ಮಣ್ಣಿನಿಂದ ಕಟ್ಟಿಸಿದ, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಕಲ್ಲಿನದಾದ ಆ ದೊಡ್ಡ ಕೋಟೆಯಲ್ಲಿ ಈಗ ಕಣ್ಣಿಗೆ ಕಾಣಲು ಉಳಿದಿರುವುದು ಇಷ್ಟೇ ಇಷ್ಟು.

ಮಿಕ್ಕ ಕೋಟೆ ಹೇಗಿತ್ತು ಎಂದು ನೋಡಬೇಕೆನ್ನುವವರು ಇಂಗ್ಲಿಷರು ಬರೆದ ಚಿತ್ರಗಳ ಬಳಿಗೆ ಹೋಗಬೇಕು. ಜೇಮ್ಸ್ ಹಂಟರ್ ಎಂಬ ಫಿರಂಗಿ ದಳದ ಲೆಫ್ಟಿನೆಂಟ್ ಒಬ್ಬ, ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಜೊತೆ ಈ ಸೀಮೆಗೆ ಬಂದವನು. ಯುದ್ಧದ ಬಿಡುವಿನಲ್ಲಿ ಬೆಂಗಳೂರಿನ ಕೋಟೆ ಬಾಗಿಲು, ಟಿಪ್ಪುವಿನ ಅರಮನೆ, ಬೀದಿ, ಕೆರೆ ಏರಿ ಎಲ್ಲವನ್ನೂ ಜಲವರ್ಣದಲ್ಲಿ ಬರೆದುಕೊಂಡ. 1792ರಲ್ಲಿ ತೀರಿಕೊಂಡ. ಹದಿಮೂರು ವರ್ಷದ ನಂತರ, 1805ರಲ್ಲಿ, ಲಂಡನ್ನಿನ ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕ ಅವುಗಳಲ್ಲಿ 40 ಚಿತ್ರಗಳನ್ನು ಅಚ್ಚು ಹಾಕಿ ಮಾರಿದ. ಬರೆದವನು ಆಗ ಮಣ್ಣಾಗಿದ್ದ. ಅವನು ಕಂಡ ಬೆಂಗಳೂರು ಮಾತ್ರ ಬಣ್ಣ ಹಚ್ಚಿಸಿಕೊಂಡು, ಎಂದೂ ಬೆಂಗಳೂರಿಗೆ ಬಾರದ ಜನರ ಮನೆ ಸೇರಿತು.

ಆ ಚಿತ್ರಗಳನ್ನು ಬರೆದದ್ದು ನಮ್ಮ ಕೋಟೆಯನ್ನು ನಮಗಾಗಿ ಕಾಪಿಡಬೇಕು ಎಂದಲ್ಲ. ಅವು ಹುಟ್ಟಿದ್ದು ಒಂದು ಪದ್ಧತಿಯಿಂದ: ದೂರ ಹೋಗಿ ಬಂದವನು ಕಂಡದ್ದನ್ನು ಮನೆಯ ಗೋಡೆಗೆ ತರುವ ಪದ್ಧತಿ. ಆ ಪದ್ಧತಿಯ ಚರಿತ್ರೆಯಲ್ಲಿ ಮೈಸೂರು ಸೀಮೆಗೆ ಅದು ಕೇಳದೆಯೇ ಸಿಕ್ಕ ದೊಡ್ಡ ಪಾತ್ರವೊಂದಿದೆ.

ಪದ್ಧತಿ ಮೊದಲು ಬಲಿತದ್ದು ಇಟಲಿಯಲ್ಲಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸಿರಿವಂತರ ಮನೆಯ ಹುಡುಗರು ಓದು ಮುಗಿದ ಮೇಲೆ ಫ್ರಾನ್ಸ್, ಇಟಲಿ ಸುತ್ತಿಬರುವುದು ಅವರ ಶಿಕ್ಷಣದ ಕೊನೆಯ ಪಾಠವಾಗಿತ್ತು. ರೋಮ್ ನೋಡಿ, ವೆನಿಸ್ ನೋಡಿ, ಬರಿಗೈಯಲ್ಲಿ ಮರಳುವುದುಂಟೇ? ವೆನಿಸ್ಸಿನಲ್ಲಿ ಕನಲೆಟೊ ಎಂಬ ಚಿತ್ರಕಾರ ಇವರಿಗಾಗಿಯೇ ಊರಿನ ಕಾಲುವೆ, ಸೇತುವೆ, ಚೌಕಗಳನ್ನು ಬರೆಯುತ್ತಿದ್ದ. ಅಲ್ಲೇ ನೆಲೆಸಿದ್ದ ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವ್ಯಾಪಾರಿ ನಡುವೆ ನಿಂತು ಗಿರಾಕಿಗಳನ್ನು ಹಿಡಿದುಕೊಡುತ್ತಿದ್ದ. ಬೆಡ್‌ಫೋರ್ಡಿನ ಡ್ಯೂಕ್ ಒಬ್ಬನೇ 24 ಚಿತ್ರಗಳನ್ನು ಬರೆಸಿಕೊಂಡ. ವೊಬರ್ನ್ ಅಬಿ ಎಂಬ ಅವನ ಮನೆಯ ಊಟದ ಕೋಣೆಯಲ್ಲಿ ವೆನಿಸ್ ಗೋಡೆಯಿಂದ ಗೋಡೆಗೆ ಹರಿಯಿತು. ಚಿತ್ರ ಚೆನ್ನಾಗಿ ಕೂರಲಿ ಎಂದು ಕನಲೆಟೊ ಕಟ್ಟಡಗಳನ್ನು ಅತ್ತಿತ್ತ ಸರಿಸುತ್ತಿದ್ದ, ಒಂದೇ ಕಡೆ ನಿಂತು ಕಾಣಲಾಗದ ಎರಡು ನೋಟಗಳನ್ನು ಒಂದೇ ಚೌಕಟ್ಟಿನೊಳಗೆ ಬೆಸೆಯುತ್ತಿದ್ದ. ಕೊಂಡವರು ಅದನ್ನು ತಪ್ಪೆಂದು ತಿಳಿಯಲಿಲ್ಲ. ಅವರಿಗೆ ಬೇಕಾದದ್ದು ವೆನಿಸ್ಸಿನ ಅಳತೆಯಲ್ಲ, ತಾವು ಅಲ್ಲಿದ್ದೆವು ಎಂಬ ನೆನಪು.

ಈ ಅಭ್ಯಾಸವೇ ಹಡಗು ಹತ್ತಿ ಮದರಾಸಿಗೂ ಕಲ್ಕತ್ತೆಗೂ ಬಂದಿಳಿಯಿತು.

ರಾಬರ್ಟ್ ಹೋಮ್ 1791ರ ಮೊದಲಲ್ಲಿ ಮದರಾಸಿಗೆ ಬಂದಾಗ ಅವನ ಕಸುಬು ಭಾವಚಿತ್ರ ಬರೆಯುವುದು. ಬಂದ ಸ್ವಲ್ಪ ದಿನಕ್ಕೇ ಕಾರ್ನ್‌ವಾಲಿಸನ ದಂಡಿನೊಂದಿಗೆ ಮೈಸೂರಿನ ಮೇಲಿನ ಯುದ್ಧಕ್ಕೆ ಹೋಗಲು ಅಪ್ಪಣೆ ಸಿಕ್ಕಿತು. ಬೆಂಗಳೂರಿನ ಪೇಟೆ ಬಿದ್ದದ್ದು 1791ರ ಮಾರ್ಚ್ 7ರಂದು. ಅಂದು ಪೇಟೆ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಎಂಬ ಅಧಿಕಾರಿ ಗುಂಡು ತಗುಲಿ ಸತ್ತ. ಹೋಮ್ ಆ ಸಾವನ್ನು ಬರೆದ ಬಗೆ ನೋಡಬೇಕು: ಶಿಲುಬೆಯಿಂದ ಇಳಿಸಿದ ಕ್ರಿಸ್ತನನ್ನು ಎತ್ತಿಕೊಂಡಂತೆ ಜೊತೆಗಾರರು ಮೂರ್‌ಹೌಸನನ್ನು ಹಿಡಿದಿದ್ದಾರೆ, ಸುತ್ತ ಹೊಗೆ, ಹಿಂದೆ ಬೆಂಗಳೂರು. ಪೇಟೆಯೊಳಗೆ ಅಂದು ಸತ್ತ ನೂರಾರು ಜನರ ಮುಖಗಳಿಗೆ ಆ ಚೌಕಟ್ಟಿನಲ್ಲಿ ಜಾಗವಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಟಿಪ್ಪು ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಬೇಕಾಯಿತು. ಆ ದೃಶ್ಯವನ್ನೂ ಹೋಮ್ ದೊಡ್ಡ ಬಟ್ಟೆಯ ಮೇಲೆ ಬರೆದ. ಆನೆ, ಡೇರೆ, ಕೆಂಪು ಅಂಗಿಯ ಅಧಿಕಾರಿಗಳು, ನಡುವೆ ಆ ಮಕ್ಕಳು. ಚಿತ್ರದ ಎಡಗಡೆಯ ಅಂಚಿನಲ್ಲಿ ಕಂಕುಳಲ್ಲಿ ಚಿತ್ರಗಳ ಕಟ್ಟು ಇಟ್ಟುಕೊಂಡು ನಿಂತಿರುವವನು ಸ್ವತಃ ಹೋಮ್. ನಾನು ಅಲ್ಲಿದ್ದೆ, ಕಣ್ಣಾರೆ ಕಂಡೆ ಎಂದು ಅವನು ಸಾಕ್ಷಿ ಹಾಕಿದ ರೀತಿ ಅದು. ಪ್ರವಾಸದ ಚಿತ್ರಕ್ಕೆ ಬೆಲೆ ಬರುವುದೇ ಈ ಸಾಕ್ಷಿಯಿಂದ. 1794ರಲ್ಲಿ ಅವನ ಮೈಸೂರು ನೋಟಗಳ ಪುಸ್ತಕ ಬಂತು. ಅದೇ ಹೊತ್ತಿಗೆ ಅಲೆಕ್ಸಾಂಡರ್ ಆಲನ್, ರಾಬರ್ಟ್ ಕೋಲ್‌ಬ್ರೂಕ್ ಎಂಬ ಇನ್ನಿಬ್ಬರು ಸೇನಾಧಿಕಾರಿಗಳ ಮೈಸೂರು ಚಿತ್ರಗಳೂ ಬಂದವು. ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಸೀಮೆಯ ಮೇಲೆ ಮೂರು ಚಿತ್ರಸಂಪುಟಗಳು! ಇಂಗ್ಲೆಂಡಿನ ಮನೆಗಳಲ್ಲಿ ಶ್ರೀರಂಗಪಟ್ಟಣ, ಸಾವನದುರ್ಗ, ನಂದಿದುರ್ಗದ ಹೆಸರುಗಳು ಬಾಯಿಪಾಠವಾಗಿದ್ದ ಕಾಲ ಅದು.

1799ರಲ್ಲಿ ಟಿಪ್ಪು ಬಿದ್ದ ಮೇಲಂತೂ ಚಿತ್ರ ಬರೆಯಲು ಪ್ರಯಾಣ ಮಾಡಲೇಬೇಕು ಎಂಬ ಕಟ್ಟಳೆಯೂ ಸಡಿಲವಾಯಿತು. ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ 1800ರಲ್ಲಿ ಶ್ರೀರಂಗಪಟ್ಟಣದ ಲಗ್ಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದ. ಜನ ಹಣ ಕೊಟ್ಟು ನುಗ್ಗಿ ನೋಡಿದರು. ಪೋರ್ಟರ್ ಭಾರತಕ್ಕೆ ಬಂದವನೇ ಅಲ್ಲ. ಮುಂದೆ ಇಂಗ್ಲೆಂಡಿನ ಅತಿದೊಡ್ಡ ನಿಸರ್ಗ ಚಿತ್ರಕಾರನೆನಿಸಿದ ಟರ್ನರ್ ಕೂಡ ತಾನೆಂದೂ ಕಾಣದ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆ ದಿನಗಳಲ್ಲಿ ಜಲವರ್ಣದಲ್ಲಿ ಬರೆದ. ಇನ್ನೊಬ್ಬರ ನೆನಪನ್ನು ಕೊಂಡು ಗೋಡೆಗೆ ಹಾಕುವ ವ್ಯಾಪಾರ ಅಲ್ಲಿಗೆ ಪೂರ್ತಿ ಕುದುರಿತ್ತು.

ಆದರೆ ಈ ವ್ಯಾಪಾರವನ್ನು ಕಲೆಯ ಎತ್ತರಕ್ಕೆ ಒಯ್ದವರು ಸೈನ್ಯದವರಲ್ಲ. ಒಬ್ಬ ಚಿಕ್ಕಪ್ಪ ಮತ್ತು ಅವನ ಅಣ್ಣನ ಮಗ.

ಥಾಮಸ್ ಡೇನಿಯಲ್ ಹುಟ್ಟಿದ್ದು 1749ರಲ್ಲಿ, ಲಂಡನ್ನಿಗೆ ಹತ್ತಿರದ ಚರ್ಟ್‌ಸಿ ಎಂಬ ಊರಿನಲ್ಲಿ. ತಂದೆ ಅಲ್ಲಿ ಊಟ ವಸತಿಯ ಮನೆ ನಡೆಸುತ್ತಿದ್ದವನು. ಥಾಮಸ್ ಕಲಿತ ಮೊದಲ ಕಸುಬು ಕುದುರೆ ಸಾರೋಟುಗಳ ಬಾಗಿಲಿಗೆ ಹೂವು, ಬಳ್ಳಿ, ಮನೆತನದ ಲಾಂಛನ ಬರೆಯುವುದು. ಆಮೇಲೆ ರಾಯಲ್ ಅಕಾಡೆಮಿಯ ಶಾಲೆ ಸೇರಿದ. ಆದರೆ ನಿಸರ್ಗ ಚಿತ್ರ ಬರೆಯುವವರಿಗೆ ಲಂಡನ್ನಿನಲ್ಲಿ ಬರ ಇರಲಿಲ್ಲ. ಕೆಲಸಕ್ಕೆ ಬರ ಇತ್ತು. 1785ರ ಏಪ್ರಿಲ್‌ನಲ್ಲಿ ಅವನು, ಇನ್ನೂ ಮೀಸೆ ಮೂಡದ ಅಣ್ಣನ ಮಗ ವಿಲಿಯಮ್‌ನನ್ನು ಸಹಾಯಕನಾಗಿ ಕರೆದುಕೊಂಡು, ಚೀನಾದ ದಾರಿಯಾಗಿ ಹೊರಟು ಮರುವರ್ಷ ಕಲ್ಕತ್ತೆ ಮುಟ್ಟಿದ. ಅಲ್ಲಿ ಬಂಗಾಳಿ ಕುಶಲಕರ್ಮಿಗಳ ನೆರವಿನಿಂದ ನಗರದ ಹನ್ನೆರಡು ನೋಟಗಳನ್ನು ಅಚ್ಚು ಹಾಕಿದ. ಕೈಗೆ ಬಂದ ಹಣದಿಂದ 1788ರಲ್ಲಿ ದೋಣಿ ಹಿಡಿದು ಗಂಗೆಯಲ್ಲಿ ಮೇಲಕ್ಕೆ ಹೊರಟ. ಇಬ್ಬರೂ ಗಢವಾಲದ ಶ್ರೀನಗರದವರೆಗೆ ಹೋಗಿಬಂದರು.

ಅವರ ಜೊತೆ ಎರಡು ವಸ್ತುಗಳು ತಪ್ಪದೆ ಪ್ರಯಾಣ ಮಾಡುತ್ತಿದ್ದವು. ಒಂದು, ತಮಗಿಂತ ಮೊದಲು ಬಂದುಹೋಗಿದ್ದ ವಿಲಿಯಮ್ ಹಾಜಸ್ ಎಂಬ ಚಿತ್ರಕಾರನ ಅಚ್ಚುಗಳು. ಹಾಜಸ್ ಬರೆದ ಜಾಗಕ್ಕೆ ಹೋಗಿ ನಿಂತು, ಅವನ ಚಿತ್ರವನ್ನು ಕೈಯಲ್ಲಿ ಹಿಡಿದು, ಎಲ್ಲೆಲ್ಲಿ ಅವನು ತಪ್ಪಿದ್ದಾನೆ ಎಂದು ಹುಡುಕುವುದು ಇಬ್ಬರಿಗೂ ಬಹಳ ಪ್ರಿಯವಾದ ಕೆಲಸ. ಇನ್ನೊಂದು, ಕ್ಯಾಮೆರಾ ಅಬ್ಸ್ಕ್ಯೂರಾ. ಹೆಸರು ಕೇಳಿ ಹೆದರಬೇಕಾಗಿಲ್ಲ: ಒಂದು ಕತ್ತಲೆ ಪೆಟ್ಟಿಗೆ, ಅದಕ್ಕೊಂದು ಮಸೂರ, ಒಂದು ಕನ್ನಡಿ. ಎದುರಿನ ಗುಡಿಯೋ ಬೆಟ್ಟವೋ ಬೆಳಕಾಗಿ ಒಳಗೆ ಬಂದು ಕಾಗದದ ಮೇಲೆ ಬೀಳುತ್ತದೆ. ಬಿದ್ದ ನೆರಳಿನ ಅಂಚನ್ನು ಪೆನ್ಸಿಲಿನಿಂದ ಹಿಡಿದುಕೊಳ್ಳುತ್ತಾ ಹೋದರೆ ಗೋಪುರದ ಎತ್ತರ, ಕಂಬಗಳ ನಡುವಿನ ಅಂತರ, ಗುಡ್ಡದ ಇಳಿಜಾರು ತಪ್ಪುವುದಿಲ್ಲ. ಫೋಟೋ ತೆಗೆಯುವ ವಿದ್ಯೆ ಹುಟ್ಟಲು ಇನ್ನೂ ನಾಲ್ಕು ದಶಕಗಳಿದ್ದ ಕಾಲದಲ್ಲಿ ಇದು ಕೈಗೆ ಸಿಕ್ಕ ದೊಡ್ಡ ಉಪಾಯ. ಡೇನಿಯಲ್ಲರ ಚಿತ್ರಗಳನ್ನು ಇಂದಿಗೂ ವಾಸ್ತುಶಿಲ್ಪದ ವಿದ್ವಾಂಸರು ಭರವಸೆಯಿಂದ ನೋಡುವುದು ಇದರಿಂದಲೇ.

ದಕ್ಷಿಣದ ಪ್ರವಾಸಕ್ಕೆ ಬೇಕಾದ ಹಣ ಹೊಂದಿಸಲು ಅವರು ಕಲ್ಕತ್ತೆಯಲ್ಲಿ ತಮ್ಮ ಚಿತ್ರಗಳ ಲಾಟರಿ ಇಟ್ಟರು. ಚೀಟಿ ಕೊಂಡವರಿಗೆ ಅದೃಷ್ಟವಿದ್ದರೆ ಆಗ್ರಾದ ಕೋಟೆಯೋ ಗಂಗೆಯ ಘಟ್ಟವೋ ಗೋಡೆಗೆ ಸಿಗುತ್ತಿತ್ತು. 1792ರ ಮಾರ್ಚ್‌ನಲ್ಲಿ ಟಿಪ್ಪುವಿನೊಡನೆ ಒಪ್ಪಂದ ಆಯಿತು. ಏಪ್ರಿಲ್‌ನಲ್ಲೇ ಇವರು ಮದರಾಸಿನಿಂದ ಹೊರಟರು. ಎರಡು ಪಲ್ಲಕ್ಕಿ, ಅವನ್ನು ಹೊರುವ ಬೋವಿಗಳು, ಸಾಮಾನು ಹೊತ್ತ ಎತ್ತುಗಳು, ಆಳುಕಾಳು. ಮೇಲೆ ಕಡು ಬೇಸಿಗೆ. ವೇಲೂರು, ಕೃಷ್ಣಗಿರಿ, ರಾಯಕೋಟೆ, ಹೊಸೂರು ಹಾದು ಬೆಂಗಳೂರಿನವರೆಗೆ ಬಂದರು. ವರ್ಷವೊಂದರ ಹಿಂದೆ ದಂಡು ಹಾದ ನಾಡು ಅದು. ಹಾದಿಯ ಗಾಯ ಇನ್ನೂ ಮಾಗಿರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಶ್ರೀರಂಗಪಟ್ಟಣ ಒಪ್ಪಂದದ ನಂತರವೂ ಟಿಪ್ಪುವಿನ ಕೈಯಲ್ಲೇ ಇತ್ತು. ಇವರು ಅಲ್ಲಿಗೆ ಹೋಗಲಾಗಲಿಲ್ಲ. ಬಾರಾಮಹಲ್ ಎಂದು ಕರೆಯುತ್ತಿದ್ದ ಕೃಷ್ಣಗಿರಿ, ಧರ್ಮಪುರಿಯ ಕಡೆಯ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಬಂದಿತ್ತು. ಡೇನಿಯಲ್ಲರ ಚಿತ್ರಗಳಲ್ಲಿ ಸಾಲುಸಾಲಾಗಿ ಏಳುವ ಬೆಟ್ಟದ ದುರ್ಗಗಳು ಹೆಚ್ಚಾಗಿ ಈ ಬಾರಾಮಹಲಿನವು: ರಾಯಕೋಟೆ, ವೀರಭದ್ರದುರ್ಗ, ಜಗದೇವಿದುರ್ಗ. ಬಂಡೆಯ ಮೇಲೆ ಬಂಡೆ, ತುದಿಯಲ್ಲಿ ಕಾಣುವ ಗೋಡೆಯ ಗೆರೆ, ಕೆಳಗೆ ಹಸಿರು, ಮೇಲೆ ಮೋಡ. ನೋಡಿದವರಿಗೆ ಇದು ನಿಸರ್ಗದ ಚೆಲುವು. ಕೊಂಡವರಿಗೆ ತಮ್ಮ ಸರ್ಕಾರಕ್ಕೆ ಹೊಸದಾಗಿ ಬಂದ ಆಸ್ತಿಯ ನೋಟವೂ ಹೌದು. ಚಿತ್ರದ ಮುಂಭಾಗದಲ್ಲಿ ದನ ಅಟ್ಟಿಕೊಂಡು ಹೋಗುವ ಒಬ್ಬಿಬ್ಬರು ರೈತರು ಇರುತ್ತಾರೆ, ದಾರಿಹೋಕರು ಇರುತ್ತಾರೆ, ಎಲ್ಲರೂ ನೆಮ್ಮದಿಯಾಗಿದ್ದಾರೆ. ಕಲ್ಲಿನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಈ ಕೈಗಳು, ಯುದ್ಧ ಸುಟ್ಟ ಹಳ್ಳಿಗಳನ್ನು ಕಾಗದಕ್ಕೆ ತರಲಿಲ್ಲ. ಸುಟ್ಟ ಹಳ್ಳಿಯನ್ನು ಊಟದ ಮನೆಯ ಗೋಡೆಗೆ ಯಾರು ಹಾಕಿಕೊಳ್ಳುತ್ತಾರೆ?

ಬೆಂಗಳೂರಿನಿಂದ ಅವರು ದಿಂಡಿಗಲ್, ಮಧುರೆ, ಪಾಪನಾಶದ ಜಲಪಾತ, ತಂಜಾವೂರುಗಳನ್ನು ಕಂಡು ಮದರಾಸಿಗೆ ಮರಳಿದರು. ಅಲ್ಲೊಂದು ಲಾಟರಿ. ಮುಂಬಯಿಯ ಕಡೆಯ ಗುಹೆಗಳನ್ನು ಬರೆದುಕೊಂಡು, 1794ರಲ್ಲಿ ಇಂಗ್ಲೆಂಡಿಗೆ ಮುಟ್ಟಿದರು. ಹೋದಾಗ ಹುಡುಗನಾಗಿದ್ದ ವಿಲಿಯಮ್‌ಗೆ ಈಗ ಇಪ್ಪತ್ತೈದು.

ನಿಜವಾದ ಶ್ರಮ ಶುರುವಾದದ್ದು ಆಮೇಲೆ. ಪೆಟ್ಟಿಗೆಗಟ್ಟಲೆ ಕರಡು ಚಿತ್ರಗಳಿಂದ ಆರಿಸಿ, 1795ರಿಂದ 1808ರವರೆಗೆ, ‘ಓರಿಯೆಂಟಲ್ ಸೀನರಿ’ ಎಂಬ ಹೆಸರಿನಲ್ಲಿ 144 ಅಚ್ಚುಚಿತ್ರಗಳನ್ನು ಹೊರತಂದರು. ಅಕ್ವಾಟಿಂಟ್ ಎಂಬ ಈ ಅಚ್ಚಿನ ವಿಧಾನ ತಾಳ್ಮೆಯನ್ನು ಹಿಂಡುವಂಥದ್ದು. ನುಣುಪಾದ ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ಮಂಜಿನಂತೆ ಉದುರಿಸಬೇಕು. ತಗಡನ್ನು ಕೆಳಗಿನಿಂದ ಕಾಯಿಸಿದರೆ ಒಂದೊಂದು ಕಣವೂ ಕರಗಿ ತಗಡಿಗೆ ಅಂಟುತ್ತದೆ. ಆಮೇಲೆ ಆಮ್ಲ. ಕಣಗಳ ನಡುವಿನ ಸಂದುಗಳನ್ನು ಆಮ್ಲ ಕಚ್ಚಿ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಅಚ್ಚಿನಲ್ಲಿ ಕಪ್ಪು ಗಾಢವಾಗುತ್ತದೆ. ಆಕಾಶದ ಭಾಗ ತಿಳಿಯಾಗಿರಬೇಕೆಂದರೆ ಅಲ್ಲಿಗೆ ಬೇಗ ವಾರ್ನಿಷ್ ಬಳಿದು ಆಮ್ಲ ತಾಗದಂತೆ ಮುಚ್ಚಬೇಕು, ದೂರದ ಬೆಟ್ಟಕ್ಕೆ ಇನ್ನೊಂದು ಗಳಿಗೆ, ಹತ್ತಿರದ ಮರದ ನೆರಳಿಗೆ ಮತ್ತೂ ಒಂದು. ಹೀಗೆ ಮುಚ್ಚುತ್ತ, ಅದ್ದುತ್ತ, ತೊಳೆಯುತ್ತ ಒಂದು ತಗಡು ಮುಗಿಯಬೇಕು. ಕಣ್ಣಳತೆ ಒಂದು ಗಳಿಗೆ ತಪ್ಪಿದರೆ ರಾಯಕೋಟೆಯ ಬೆಳಗು ರಾತ್ರಿಯಾಗಿಬಿಡುತ್ತದೆ. ಅಚ್ಚಾದ ಹಾಳೆಗೆ ಕೊನೆಗೆ ಕೈಯಿಂದ ಬಣ್ಣ. ಈ ಕೆಲಸದ ಬಹುಪಾಲು ವಿಲಿಯಮ್‌ನದು. ಹೆಸರು ದೊಡ್ಡದಾಗಿ ನಡೆದದ್ದು ಚಿಕ್ಕಪ್ಪನದು. ಕಲಾವಿದನಾಗಿ ಅಣ್ಣನ ಮಗನೇ ಒಂದು ಕೈ ಮೇಲು ಎನ್ನಲು ಆ ತಗಡುಗಳೇ ಸಾಕ್ಷಿ.

ಇಡೀ ಸಂಪುಟದ ಬೆಲೆ 210 ಪೌಂಡು. ಅಂದಿನ ಒಬ್ಬ ಸಾಮಾನ್ಯ ಕೂಲಿಕಾರ ಹಲವು ವರ್ಷ ದುಡಿದರೂ ಕಾಣದ ಮೊತ್ತ. ಆದ್ದರಿಂದ ಅದು ಹೋದದ್ದು ದೊಡ್ಡ ಮನೆಗಳಿಗೆ, ಅದರಲ್ಲೂ ಭಾರತದಲ್ಲಿ ಹಣ ಮಾಡಿಕೊಂಡು ಮರಳಿದವರ ಮನೆಗಳಿಗೆ. ಕಂಪನಿಯಲ್ಲಿ ದುಡಿದು ಬಂದ ಚಾರ್ಲ್ಸ್ ಕಾಕರೆಲ್ ಎಂಬಾತ ಗೋಡೆಯ ಚಿತ್ರ ಸಾಲದೆಂದು ಮನೆಯನ್ನೇ ಚಿತ್ರದಂತೆ ಕಟ್ಟಿಸಿಕೊಂಡ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಸೆಜಿಂಕೋಟಿನಲ್ಲಿ ತಾಮ್ರದ ಗುಮ್ಮಟದ ಆ ಬಂಗಲೆ ಇಂದಿಗೂ ಇದೆ. ಅದರ ತೋಟಕ್ಕೆ ಥಾಮಸ್ ಡೇನಿಯಲ್ ಸಲಹೆಗಾರ. ಸೂರ್ಯನ ಗುಡಿ, ಕೊಳ, ತೊರೆಯ ಮೇಲೊಂದು ಸೇತುವೆ, ಸೇತುವೆಯ ಮೇಲೆ ಕಾಲು ಮಡಿಸಿ ಕುಳಿತ ಬಸವಣ್ಣಗಳು. ತಣ್ಣನೆಯ ಇಂಗ್ಲಿಷ್ ಮಳೆಯಲ್ಲಿ ನೆನೆಯುವ ಆ ಬಸವಣ್ಣಗಳನ್ನು ಕಂಡರೆ ನಮ್ಮವರಿಗೆ ಮೊದಲು ಬರುವುದು ಮರುಕವೇ.

ಅಷ್ಟು ಹಣ ಇಲ್ಲದವರಿಗೂ ದಾರಿ ಇತ್ತು. ಫ್ರಾನ್ಸಿನ ಅಲ್ಸಾಸ್ ಸೀಮೆಯ ಝೂಬರ್ ಕಾರ್ಖಾನೆ 1807ರಲ್ಲಿ ‘ಹಿಂದೂಸ್ತಾನ್’ ಎಂಬ ಗೋಡೆ ಕಾಗದ ತಯಾರಿಸಿತು. ಪಿಯೆರ್ ಅಂತ್ವಾನ್ ಮೊಂಜಾನ್ ಎಂಬ ಚಿತ್ರಕಾರ ಡೇನಿಯಲ್ಲರ ನೋಟಗಳಿಂದ ಒಂದು ಗೋಪುರ, ಇನ್ನೊಂದರಿಂದ ಆನೆ, ಮತ್ತೊಂದರಿಂದ ಮರ ಎತ್ತಿಕೊಂಡು ಒಂದೇ ದೃಶ್ಯವಾಗಿ ಹೆಣೆದ. ಸಾವಿರಕ್ಕೂ ಹೆಚ್ಚು ಮರದ ಅಚ್ಚುಗಳಿಂದ ಅದನ್ನು ಕಾಗದಕ್ಕೆ ಒತ್ತಿದರು. ಕೋಣೆಯ ಸುತ್ತ ಅಂಟಿಸಿದರೆ ಕುರ್ಚಿ ಬಿಟ್ಟು ಏಳದೆ ಭಾರತ ಸುತ್ತಬಹುದಿತ್ತು. ಲಿವರ್‌ಪೂಲಿನ ಹರ್ಕ್ಯುಲೇನಿಯಮ್ ಕುಂಬಾರಿಕೆಯವರು ಅವೇ ನೋಟಗಳನ್ನು ನೀಲಿ ಬಿಳಿ ತಟ್ಟೆಗಳ ಮೇಲೆ ಇಳಿಸಿದರು. ಒಬ್ಬ ಪ್ರಯಾಣಿಕ ಬಿಸಿಲಲ್ಲಿ ನಿಂತು ಕಂಡದ್ದು ಕೈಯಿಂದ ಕೈಗೆ ದಾಟಿ, ಕೊನೆಗೆ ಮಾಂಸದ ಸಾರಿನ ಕೆಳಗೆ ಹೋಗಿ ನಿಂತಿತು. ದಾಟಿದ ಪ್ರತಿ ಕೈಯಲ್ಲೂ ಊರಿನ ಹೆಸರು ಸ್ವಲ್ಪ ಸ್ವಲ್ಪ ಅಳಿಸಿತು. ತಟ್ಟೆಯ ಮೇಲಿನದು ಯಾವ ಊರೋ ತಿನ್ನುವವರಿಗೆ ಬೇಕಿರಲಿಲ್ಲ.

ಅದೇ ಕಾಲದಲ್ಲಿ ಕಾವೇರಿಯ ದಡದಲ್ಲೂ ಒಂದು ಗೋಡೆ ನೆನಪಿನಿಂದ ತುಂಬಿತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್, ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಬಿಸಿಲು ತಡೆಯುವ ಹಸಿರು ಪರದೆಗಳನ್ನು ಸರಿಸಿ ಪಡಸಾಲೆಗೆ ಹೋದರೆ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧ. 1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಸೈನ್ಯವನ್ನು ನುಚ್ಚುನೂರು ಮಾಡಿದ ಯುದ್ಧ ಅದು. ಹೊರಗೆ ಹೋಗಿ ಗೆದ್ದದ್ದನ್ನು ಮನೆಯ ಗೋಡೆಗೆ ಬರೆಸಿದ್ದು ಇಲ್ಲೂ ನಡೆದಿದೆ; ಗೆದ್ದವರು ಬೇರೆ, ಅಷ್ಟೇ. ಗೋಡೆಗೆ ಮುಖ ಹತ್ತಿರ ತಂದು ನೋಡಿ. ಚೌಕಾಕಾರವಾಗಿ ನಿಂತ ಕೆಂಪಂಗಿಯವರು, ಅವರ ನಡುವೆ ಪಲ್ಲಕ್ಕಿಯಲ್ಲಿ ಬೇಲಿ, ಬೆರಳು ಬಾಯಿಗಿಟ್ಟುಕೊಂಡಿದ್ದಾನೆ. ಪಕ್ಕದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ರುಂಡವಿಲ್ಲದ ಮುಂಡಗಳು, ಕುದುರೆಗಳ ಸಾಲು, ಆನೆಯ ಮೇಲೆ ಹೈದರ್, ಹೂವನ್ನು ಮೂಸುವಷ್ಟು ನಿಶ್ಚಿಂತ ಮುಖಗಳು. ಇಲ್ಲಿ ಡೇನಿಯಲ್ಲರ ಹಾಗೆ ದೂರ ಹತ್ತಿರದ ಲೆಕ್ಕವಿಲ್ಲ. ಮುಖ್ಯರಾದವರು ದೊಡ್ಡವರು, ಎಲ್ಲವೂ ಒಟ್ಟಿಗೇ ನಡೆಯುತ್ತಿದೆ. ನಡೆದ ಸಂಗತಿಯನ್ನು ಮನಸ್ಸು ನೆನೆಯುವುದೂ ಹಾಗೇ ಅಲ್ಲವೇ?

ಈ ಗೋಡೆಯ ಮೇಲೆ ನೆನಪಿನ ಪದರಗಳೇ ಕೂತಿವೆ. 1799ರ ನಂತರ ಅರಮನೆಯಲ್ಲಿ ವಾಸವಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ದುರಸ್ತಿ ಮಾಡಿಸಿದ. ಮತ್ತೆ ಹಾಳಾದ ಅವನ್ನು 1855ರಲ್ಲಿ ಇಲ್ಲಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಮರಳಿ ಬರೆಯಿಸಿದ. ತಮ್ಮವರ ಸೋಲಿನ ಚಿತ್ರವನ್ನು ಗೆದ್ದವರೇ ಎರಡು ಸಲ ಉಳಿಸಿದ್ದು ಚರಿತ್ರೆಯಲ್ಲಿ ಅಪರೂಪ. ಈಗ ಕಾಣುವುದರಲ್ಲಿ ಟಿಪ್ಪುವಿನ ಚಿತ್ರಗಾರರ ಗೆರೆ ಎಷ್ಟು, ಮುಂದಿನವರ ಕೈ ಎಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಅರಮನೆ, ಬಂಗಲೆಗಳ ಆಚೆಗೂ ಈ ಪದ್ಧತಿ ಇತ್ತು, ಮತ್ತು ಅಲ್ಲಿ ಅದರ ಜೀವ ಬೇರೆ. ಪುರಿಗೆ ಹೋದ ಯಾತ್ರಿಕರು ಶತಮಾನಗಳಿಂದ ಮನೆಗೆ ತರುವುದು ಜಗನ್ನಾಥನ ಪಟ. ರಘುರಾಜಪುರದಂಥ ಹಳ್ಳಿಗಳ ಚಿತ್ರಕಾರರು ಹಳೆಯ ಬಟ್ಟೆಯ ಪದರಗಳನ್ನು ಹುಣಸೆ ಬೀಜದ ಅಂಟಿನಿಂದ ಸೇರಿಸಿ, ಸೀಮೆಸುಣ್ಣದ ಪುಡಿ ಬಳಿದು, ಕಲ್ಲಿನಿಂದ ಉಜ್ಜಿ ನಯಮಾಡುತ್ತಾರೆ. ಶಂಖದ ಬಿಳಿ, ಇಂಗಳೀಕದ ಕೆಂಪು, ಹರಿತಾಳದ ಹಳದಿ, ದೀಪದ ಕಾಡಿಗೆಯ ಕಪ್ಪು. ಜ್ಯೇಷ್ಠದ ಸ್ನಾನಯಾತ್ರೆಯ ನಂತರ ಹದಿನೈದು ದಿನ ದೇವರು ದರ್ಶನ ಕೊಡುವುದಿಲ್ಲ. ಗುಡಿಯೊಳಗೇ ಆಗ ಮೂರ್ತಿಯ ಜಾಗದಲ್ಲಿ ಪಟಕ್ಕೆ ಪೂಜೆ ನಡೆಯುತ್ತದೆ. ಆದ್ದರಿಂದ ಯಾತ್ರಿಕ ಸುರುಳಿ ಸುತ್ತಿ ತಂದ ಪಟ ಅವನಿಗೆ ಬರೀ ಗುರುತಲ್ಲ, ದರ್ಶನವೇ. ಕಾಶಿಗೆ ಹೋಗಿಬಂದ ಕನ್ನಡದ ಮನೆಗಳಲ್ಲಿ ಸಮಾರಾಧನೆ ಮಾಡಿ ನೆಂಟರಿಗೆಲ್ಲ ಗಂಗೆಯ ನೀರು ಕೊಡುವುದೂ, ತಿರುಪತಿಯಿಂದ ತಂದ ಪಟಕ್ಕೆ ದೇವರ ಕೋಣೆಯಲ್ಲಿ ಕುಂಕುಮ ಇಡುವುದೂ ಇದೇ ಮನಸ್ಸಿನಿಂದ. ಆ ಪಟದಲ್ಲಿ ಬೆಟ್ಟವಿಲ್ಲ, ಹತ್ತಿದ ಮೆಟ್ಟಿಲಿಲ್ಲ, ಪಟ್ಟ ಆಯಾಸವಿಲ್ಲ. ಯಾತ್ರೆಯ ತುದಿ ಮಾತ್ರ ಇದೆ.

ಈಜಿಪ್ಟಿನ ಮೇಲ್ಸೀಮೆಯ ಹಳ್ಳಿಗಳಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ಮನೆಯಿಂದ ಯಾರಾದರೂ ಹಜ್ ಯಾತ್ರೆಗೆ ಹೋದರೆ, ಅವರು ಮರಳುವ ಹೊತ್ತಿಗೆ ಮನೆಯ ಹೊರಗೋಡೆಗೆ ಸುಣ್ಣ ಬಳಿದು ಚಿತ್ರ ಬರೆಸುತ್ತಾರೆ: ಕಾಬಾ, ಹಡಗು ಇಲ್ಲವೆ ವಿಮಾನ, ಒಂಟೆ, ಜೊತೆಗೆ ಯಾತ್ರಿಕರ ಹೆಸರು, ವರ್ಷ. ಬರೆಯುವವನು ಊರಿನ ಚಿತ್ರಕಾರ. ಯಾತ್ರಿಕ ಬಾಗಿಲಿಗೆ ಬರುವ ಮೊದಲೇ ಅವನ ಯಾತ್ರೆ ಬೀದಿಗೆ ಮುಖಮಾಡಿ ನಿಂತಿರುತ್ತದೆ. ಒಳಮನೆಯ ಗೋಡೆಗಾಗಿ ಬರೆದ ಡೇನಿಯಲ್ಲರ ಚಿತ್ರಕ್ಕಿಂತ, ಇಡೀ ಓಣಿಯೇ ಹಂಚಿಕೊಳ್ಳುವ ಈ ನೆನಪು ಹೆಚ್ಚು ಉದಾರವಾದದ್ದು.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಫೋಟೋ ಬಂತು. 1854ರಲ್ಲಿ ಲಿನ್ನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳನ್ನು ಕ್ಯಾಮೆರಾದಲ್ಲಿ ಹಿಡಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಿಗೆ ತಂದ. ಕಂಡದ್ದನ್ನು ಕಂಡಹಾಗೆ ತರುವ ಕೆಲಸ ಚಿತ್ರಕಾರನ ಕೈಬಿಟ್ಟಿತು. ಅವನಿಗೆ ಉಳಿದದ್ದು ಕಂಡಾಗ ಆದದ್ದನ್ನು ತರುವ ಕೆಲಸ.

ಅದನ್ನು ನಮ್ಮಲ್ಲಿ ಮಾಡಿದವರು ಕೆ. ವೆಂಕಟಪ್ಪ. ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಮರಳಿದವರು. ನಂತರ ಅವರು ಊಟಿಗೂ ಕೊಡೈಕೆನಾಲಿಗೂ ಹೋಗಿ ತಂಗಿ ಬರೆದ ಜಲವರ್ಣಗಳಲ್ಲಿ ದುರ್ಗಗಳಿಲ್ಲ, ಗೆಲುವಿಲ್ಲ, ಕಥೆಯೂ ಇಲ್ಲ. ಕೆರೆಯ ಮೇಲೆ ಇಳಿದ ಮಂಜು, ಬೆಟ್ಟದ ಭುಜಕ್ಕೆ ಒರಗಿದ ಮಳೆಮೋಡ, ಬೆಳದಿಂಗಳಲ್ಲಿ ನಿಂತ ಮರಗಳು. ಒಂದೊಂದು ಹೊತ್ತಿನ ಬೆಳಕು ಒಂದೊಂದು ಹಾಳೆ. ಬಿಳಿಯರು ತಂಪಿಗೆಂದು ಕಟ್ಟಿಕೊಂಡ ಊರುಗಳಲ್ಲಿ, ಇಂಗ್ಲಿಷರದೇ ಆದ ಜಲವರ್ಣದಲ್ಲಿ, ಒಬ್ಬ ಮೈಸೂರು ಚಿತ್ರಗಾರ ಯಾರ ಗೋಡೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಬರೆದ ಚಿತ್ರಗಳು ಇವು. ವೀಣೆಯ ಸಾಧನೆಯನ್ನೂ ಮಾಡಿದ ಅವರ ಕೈ ಎಷ್ಟು ಹಗುರ ಎಂದರೆ, ಕುಂಚ ಕಾಗದ ಮುಟ್ಟಿದ ಗುರುತು ಹುಡುಕಿದರೂ ಸಿಗದು. 1965ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1975ರಲ್ಲಿ ಅವರ ಹೆಸರಿನ ಚಿತ್ರಶಾಲೆ ತೆರೆದ ಮೇಲೆ ಈ ಚಿತ್ರಗಳಿಗೆ ನಾಡಿನ ಎಲ್ಲರಿಗೂ ಸೇರಿದ ಗೋಡೆಯೊಂದು ಸಿಕ್ಕಿತು.

ಇತ್ತ ಡೇನಿಯಲ್ಲರ ದುರ್ಗಗಳೂ ಊರಿನ ಕಡೆ ಹೊರಳಿವೆ. ಅವರ ಮೂಲ ಚಿತ್ರಗಳ ದೊಡ್ಡ ಸಂಗ್ರಹ ಕಲ್ಕ‌ತ್ತೆಯ ವಿಕ್ಟೋರಿಯಾ ಸ್ಮಾರಕದಲ್ಲಿದೆ. 1990ರ ದಶಕದಲ್ಲಿ ಆಂಟೋನಿಯೊ ಮಾರ್ಟಿನೆಲ್ಲಿ ಎಂಬ ಇಟಲಿಯ ಛಾಯಾಗ್ರಾಹಕ ಡೇನಿಯಲ್ಲರು ನಿಂತ ಜಾಗಗಳನ್ನೇ ಹುಡುಕಿಕೊಂಡು ಭಾರತ ಸುತ್ತಿ, ಇನ್ನೂರು ವರ್ಷದ ನಂತರದ ಅದೇ ನೋಟಗಳನ್ನು ಕ್ಯಾಮೆರಾದಲ್ಲಿ ತಂದ. ಹಳೆಯ ಸಂಪುಟಗಳನ್ನು ಬಿಚ್ಚಿ ಬಿಡಿ ಹಾಳೆಗಳಾಗಿ ಮಾರುವ ವ್ಯಾಪಾರಿಗಳಿಂದ, ಅಚ್ಚು ಹಾಕಿದ ನಕಲುಗಳಿಂದ, ಬಾರಾಮಹಲಿನ ಬೆಟ್ಟಗಳು ಈಗ ಬೆಂಗಳೂರಿನ ಮನೆಗಳ ಹಜಾರದಲ್ಲಿ, ಹೋಟೆಲುಗಳ ಗೋಡೆಗಳಲ್ಲಿ ತೂಗುತ್ತಿವೆ. ಕೆಳಗೆ ಇಂಗ್ಲಿಷಿನಲ್ಲಿ ಬರೆದ ಹಳೆಯ ಸೊಟ್ಟ ಹೆಸರು ಓದಿ ಅದು ಎಲ್ಲಿಯ ಬೆಟ್ಟವೆಂದು ಅಲ್ಲಿ ಕುಳಿತವರು ಕೇಳುತ್ತಾರೆ. ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವ ರೈಲು ಹೊಸೂರು ದಾಟಿ ರಾಯಕೋಟೆಯ ನಿಲ್ದಾಣಕ್ಕೆ ಬರುತ್ತದೆ. ಊರಿನ ನೆತ್ತಿಯ ಮೇಲೆ ಆ ಬಂಡೆ, ಅದರ ತುದಿಯಲ್ಲಿ ಕೋಟೆಗೋಡೆಯ ಗೆರೆ, ಹಾಗೇ ಇವೆ.